820 ಕಿಲೋಮೀಟರ್: ಎರಡು ಗಂಟೆಯೋ, ಎರಡು ದಿನವೋ?

ಕೆನಡಾದ ಈಶಾನ್ಯಕ್ಕೆ ಬಾಫಿನ್ ಎಂಬ ಭಾರೀ ದ್ವೀಪ. ಅದರ ದಕ್ಷಿಣ ಭಾಗದಲ್ಲಿ ನುನಾವುಟ್ ಪ್ರದೇಶದ ರಾಜಧಾನಿ ಇಕಾಲುಯಿಟ್. 2021ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 7,429. ಅಲ್ಲಿಂದ ನೇರ ಪೂರ್ವಕ್ಕೆ, ಡೇವಿಸ್ ಜಲಸಂಧಿಯ ಆಚೆ ದಡದಲ್ಲಿ, ಗ್ರೀನ್‌ಲ್ಯಾಂಡ್‌ನ ರಾಜಧಾನಿ ನೂಕ್. ಅಲ್ಲಿ ಇಪ್ಪತ್ತು ಸಾವಿರದಷ್ಟು ಜನ. ಎರಡೂ ಊರುಗಳು 64 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ, ಆರ್ಕ್‌ಟಿಕ್ ವೃತ್ತಕ್ಕಿಂತ ತುಸು ಕೆಳಗೆ ಇವೆ. ಎರಡು ವಿಮಾನ ನಿಲ್ದಾಣಗಳ ನಡುವಿನ ವಾಯುಮಾರ್ಗದ ದೂರ ಸುಮಾರು 820 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈ ಎಷ್ಟು ದೂರವೋ ಹೆಚ್ಚು ಕಡಿಮೆ ಅಷ್ಟೇ.

ಬೆಂಗಳೂರು–ಮುಂಬೈ ನಡುವೆ ಬೆಳಗಿನಿಂದ ರಾತ್ರಿಯವರೆಗೆ ವಿಮಾನಗಳು ಸಾಲುಗಟ್ಟಿ ಹಾರುತ್ತವೆ. ಇಕಾಲುಯಿಟ್–ನೂಕ್ ನಡುವಿನ ನೇರ ವಿಮಾನದ ಕಥೆ ಬೇರೆ. ಏರ್ ಗ್ರೀನ್‌ಲ್ಯಾಂಡ್ ಕಂಪನಿ 2012ರ ಬೇಸಿಗೆಯಲ್ಲಿ ಅದನ್ನು ಆರಂಭಿಸಿತು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. 2024ರ ಜೂನ್‌ನಲ್ಲಿ ಕೆನಡಿಯನ್ ನಾರ್ತ್ ಕಂಪನಿಯೊಂದಿಗೆ ಕೈಜೋಡಿಸಿ ಮತ್ತೆ ಶುರು ಮಾಡಿದಾಗಲೂ ವಾರಕ್ಕೊಂದೇ ವಿಮಾನ, ಅದೂ ಬೇಸಿಗೆಯಿಂದ ಅಕ್ಟೋಬರ್‌ವರೆಗೆ ಮಾತ್ರ. ಆ ವಿಮಾನ ಸಿಕ್ಕವರಿಗೆ ಪ್ರಯಾಣ ಎರಡು ಗಂಟೆಯದು. ಸಿಗದವರಿಗೆ ಎರಡು ದಿನ ಹಿಡಿದರೂ ಆಶ್ಚರ್ಯವಿಲ್ಲ. ದೂರ ಅದೇ ಇದ್ದರೂ ಕಾಲ ಹೀಗೇಕೆ ಹಿಗ್ಗುತ್ತದೆ ಎಂದು ಕೆದಕಿದರೆ ಭೂಗೋಳಕ್ಕಿಂತ ಹೆಚ್ಚಾಗಿ ಇತಿಹಾಸ ಎದುರಾಗುತ್ತದೆ.

ಮೊದಲು ದೂರದ ಲೆಕ್ಕ ನೋಡೋಣ. ಗೋಡೆಯ ಮೇಲೆ ತೂಗುಹಾಕುವ ಮರ್ಕೇಟರ್ ಭೂಪಟದಲ್ಲಿ ಅಡಿಪಟ್ಟಿ ಇಟ್ಟು ಈ ದೂರ ಅಳೆಯಲು ಹೋದರೆ ಮೋಸ ಹೋಗುತ್ತೇವೆ. ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವಾಗ ಧ್ರುವದ ಕಡೆ ಹೋದಂತೆಲ್ಲ ನೆಲವನ್ನು ಹಿಗ್ಗಿಸಬೇಕಾಗುತ್ತದೆ. 64 ಡಿಗ್ರಿ ಅಕ್ಷಾಂಶದಲ್ಲಿ ಈ ಹಿಗ್ಗುವಿಕೆ ಸುಮಾರು 2.3 ಪಟ್ಟು. ಸಮಭಾಜಕದ ಅಳತೆಯನ್ನೇ ಇಲ್ಲಿಗೂ ಹಚ್ಚಿದರೆ 820 ಕಿಲೋಮೀಟರ್ ದೂರ ಭೂಪಟದಲ್ಲಿ 1,870 ಕಿಲೋಮೀಟರ್‌ನಂತೆ ಕಾಣುತ್ತದೆ. ಗ್ರೀನ್‌ಲ್ಯಾಂಡ್ ಆಫ್ರಿಕಾ ಖಂಡದಷ್ಟು ದೊಡ್ಡದೆಂದು ಶಾಲೆಯಲ್ಲಿ ನಮಗೆ ಅನ್ನಿಸಿದ್ದು ಇದೇ ಕಾರಣಕ್ಕೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ಇದೆ.

ಗೋಳದ ಮೇಲಿನ ಎರಡು ಬಿಂದುಗಳ ನಡುವೆ ಅತಿ ಹತ್ತಿರದ ದಾರಿ ಎಂದರೆ ಮಹಾವೃತ್ತದ ತುಣುಕು. ಭೂಮಿಯ ಕೇಂದ್ರದ ಮೂಲಕ ಹಾದುಹೋಗುವಂತೆ ಗೋಳವನ್ನು ಎರಡು ಹೋಳು ಮಾಡಿದಾಗ ಮೇಲ್ಮೈ ಮೇಲೆ ಮೂಡುವ ಗೆರೆ ಅದು. ಇಕಾಲುಯಿಟ್‌ನಿಂದ ನೂಕ್‌ಗೆ ಅಕ್ಷಾಂಶದ ಗೆರೆ ಹಿಡಿದು ಪೂರ್ವಕ್ಕೆ ಹೋದರೂ, ತುಸು ಉತ್ತರಕ್ಕೆ ಬಾಗುವ ಮಹಾವೃತ್ತದಲ್ಲಿ ಹೋದರೂ ವ್ಯತ್ಯಾಸ ಎರಡು ಮೂರು ಕಿಲೋಮೀಟರ್ ಮಾತ್ರ. ದೂರ ಹೆಚ್ಚಿದಂತೆ ಈ ವ್ಯತ್ಯಾಸವೂ ಬೆಳೆಯುತ್ತದೆ. ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗುವ ವಿಮಾನ ಉತ್ತರ ಧ್ರುವದ ಕಡೆ ಮುಖ ಮಾಡಲು ಕಾರಣ ಇದೇ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ ಮಹಿಳೆಯರೇ ಇದ್ದ ಪೈಲಟ್ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್‌ಫ್ರಾನ್ಸಿಸ್ಕೋದಿಂದ ಧ್ರುವದ ಮೇಲಿಂದ ಹಾರಿಸಿ ಬೆಂಗಳೂರಿನಲ್ಲಿ ಇಳಿಸಿದ್ದು ನೆನಪಿರಬಹುದು.

ಇನ್ನು ಸಮಯದ ಲೆಕ್ಕ. ದೂರವನ್ನು ವೇಗದಿಂದ ಭಾಗಿಸಿದರಾಯಿತು ಎಂದುಕೊಳ್ಳುತ್ತೇವೆ. ಅಂತರ್ಜಾಲದ ದೂರಮಾಪಕಗಳೂ ಮಾಡುವುದು ಬಹುತೇಕ ಅದನ್ನೇ. ಜೆಟ್ ವಿಮಾನ ಗಂಟೆಗೆ 800 ಕಿಲೋಮೀಟರ್ ಹಾರುತ್ತದೆಂದು ಹಿಡಿದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಒಂದೂವರೆ ಗಂಟೆ ಎಂಬ ಉತ್ತರ ಬರುತ್ತದೆ. ಗಣಿತ ಸರಿಯಾಗಿಯೇ ಇದೆ, ಆದರೆ ಈ ಮಾರ್ಗದಲ್ಲಿ ಹಾರಿದ್ದು ಜೆಟ್ ಅಲ್ಲ. ಏರ್ ಗ್ರೀನ್‌ಲ್ಯಾಂಡ್ ಬಳಸುವುದು ಡ್ಯಾಶ್-8 ಎಂಬ, ಎರಡು ಪ್ರೊಪೆಲ್ಲರ್‌ಗಳ ಪುಟ್ಟ ವಿಮಾನವನ್ನು. ಸೀಟುಗಳು 37. ವೇಗ ಗಂಟೆಗೆ 530 ಕಿಲೋಮೀಟರ್‌ನಷ್ಟು. ಹೀಗಾಗಿ ಹಾರಾಟವೇ ಒಂದೂವರೆ ಗಂಟೆ ದಾಟುತ್ತದೆ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿದು ನಿಲ್ದಾಣದ ಮುಂದೆ ಬಂದು ನಿಲ್ಲುವುದು ಎಲ್ಲ ಸೇರಿ ಎರಡು ಗಂಟೆಯ ಹತ್ತಿರಕ್ಕೆ ಬರುತ್ತದೆ. ವಿಮಾನ ಜಾಗ ಬಿಟ್ಟ ಕ್ಷಣದಿಂದ ಇನ್ನೊಂದು ಜಾಗದಲ್ಲಿ ನಿಲ್ಲುವ ಕ್ಷಣದವರೆಗಿನ ಈ ಅವಧಿಯನ್ನು ವಿಮಾನ ಕಂಪನಿಗಳು ಬ್ಲಾಕ್ ಟೈಮ್ ಎನ್ನುತ್ತವೆ. ಟಿಕೆಟ್ ಮೇಲೆ ಅಚ್ಚಾಗುವುದು ಅದೇ.

ಅದರ ಮೇಲೆ ಗಾಳಿಯ ಲೆಕ್ಕ ಬೇರೆ. ವಿಮಾನದ ವೇಗವನ್ನು ಅಳೆಯುವುದು ಸುತ್ತಲಿನ ಗಾಳಿಗೆ ಹೋಲಿಸಿ, ನೆಲಕ್ಕೆ ಹೋಲಿಸಿ ಅಲ್ಲ. ಹಿಂದಿನಿಂದ ಗಂಟೆಗೆ 80 ಕಿಲೋಮೀಟರ್ ವೇಗದ ಗಾಳಿ ತಳ್ಳುತ್ತಿದ್ದರೆ ಡ್ಯಾಶ್-8 ಈ 820 ಕಿಲೋಮೀಟರನ್ನು ಸುಮಾರು 80 ನಿಮಿಷದಲ್ಲಿ ಮುಗಿಸುತ್ತದೆ. ಅದೇ ಗಾಳಿ ಎದುರಾದರೆ 110 ನಿಮಿಷ ಬೇಕು. ನಿಧಾನವಾಗಿ ಹಾರುವ ವಿಮಾನಕ್ಕೆ ಗಾಳಿಯ ಹೊಡೆತ ಹೆಚ್ಚು, ಜೆಟ್‌ಗೆ ಕಡಿಮೆ. ಸಣ್ಣ ವಿಮಾನಗಳೇ ಗತಿಯಾಗಿರುವ ಉತ್ತರದ ಊರುಗಳಲ್ಲಿ ವೇಳಾಪಟ್ಟಿಯನ್ನು ಯಾರೂ ಕಲ್ಲಿನ ಮೇಲೆ ಕೆತ್ತಿಡುವುದಿಲ್ಲ.

ಇಷ್ಟೆಲ್ಲ ಆದಮೇಲೆ ಗಡಿಯಾರದ ಸರದಿ. ಇಲ್ಲಿಂದ ಕಥೆ ಸ್ವಾರಸ್ಯಕರವಾಗುತ್ತದೆ. ವರ್ಷದ ಹೆಚ್ಚಿನ ಕಾಲ ಈ ಎರಡು ಊರುಗಳ ಗಡಿಯಾರಗಳ ನಡುವೆ ಮೂರು ಗಂಟೆ ಅಂತರವಿದೆ. ಇಕಾಲುಯಿಟ್‌ನಲ್ಲಿ ಮಧ್ಯಾಹ್ನ ಒಂದಕ್ಕೆ ಹೊರಟವರು ನೂಕ್‌ನಲ್ಲಿ ಇಳಿದಾಗ ಅಲ್ಲಿ ಸಂಜೆ ಆರು. ವಾಪಸು ಬರುವಾಗ ನೂಕ್‌ನಲ್ಲಿ ಮಧ್ಯಾಹ್ನ ಒಂದಕ್ಕೆ ವಿಮಾನ ಹತ್ತಿದರೆ ಇಕಾಲುಯಿಟ್‌ನಲ್ಲಿ ಇಳಿಯುವುದು ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ. ಅಂದರೆ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ತಲುಪಿರುತ್ತಾರೆ! ಟಿಕೆಟ್ ನೋಡಿ ಪ್ರಯಾಣದ ಅವಧಿ ಕಳೆಯಲು ಹೊರಟವರಿಗೆ ಒಂದು ಕಡೆ ಐದು ಗಂಟೆ, ಇನ್ನೊಂದು ಕಡೆ ಸೊನ್ನೆಗಿಂತಲೂ ಕಡಿಮೆ.

ಸೂರ್ಯನನ್ನು ಕೇಳಿದರೆ ಇಷ್ಟು ಅಂತರವಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಎರಡು ಊರುಗಳ ರೇಖಾಂಶಗಳ ನಡುವೆ ಇರುವುದು ಸುಮಾರು 17 ಡಿಗ್ರಿ. ನೂಕ್‌ನಲ್ಲಿ ಸೂರ್ಯ ನೆತ್ತಿಯ ದಿಕ್ಕಿಗೆ ಬಂದ ಒಂದು ಗಂಟೆ ಏಳೆಂಟು ನಿಮಿಷಕ್ಕೆ ಇಕಾಲುಯಿಟ್‌ನಲ್ಲೂ ಬರುತ್ತಾನೆ. ಉಳಿದ ಸುಮಾರು ಎರಡು ಗಂಟೆಯ ಅಂತರ ಮನುಷ್ಯರು ಮಾಡಿಕೊಂಡದ್ದು. ಇಕಾಲುಯಿಟ್‌ನ ಗಡಿಯಾರ ಕೆನಡಾದ ರಾಜಧಾನಿ ಅಟ್ಟಾವಾ ಹಾಗೂ ಟೊರಾಂಟೊಗಳ ಸಮಯಕ್ಕೆ ಕೂಡಿಕೊಂಡಿದೆ. ಗ್ರೀನ್‌ಲ್ಯಾಂಡ್ 2023ರಲ್ಲಿ ತನ್ನ ಅಧಿಕೃತ ಸಮಯವನ್ನು ಒಂದು ಗಂಟೆ ಮುಂದಕ್ಕೆ ಸರಿಸಿಕೊಂಡು ಯುರೋಪಿಗೆ ಮತ್ತಷ್ಟು ಹತ್ತಿರವಾಯಿತು. ವ್ಯಾಪಾರ, ಬ್ಯಾಂಕು, ಸರ್ಕಾರಿ ಕೆಲಸಗಳಿಗೆ ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ ಜೊತೆಗಿನ ಕಚೇರಿ ವೇಳೆ ಹೊಂದಿಕೆಯಾದರೆ ಅನುಕೂಲ ಎಂಬುದು ಅದರ ಹಿಂದಿನ ಯೋಚನೆ. ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಎರಡೂ ಊರುಗಳ ಮುಳ್ಳುಗಳು ತಂತಮ್ಮ ದೂರದ ರಾಜಧಾನಿಗಳ ಕಡೆ ವಾಲಿವೆ.

ಗಡಿಯಾರ ವಾಲಿದ ದಿಕ್ಕಿಗೇ ವಿಮಾನಗಳೂ ವಾಲಿವೆ. ನೇರ ವಿಮಾನವಿಲ್ಲದ ದಿನಗಳಲ್ಲಿ ಇಕಾಲುಯಿಟ್‌ನಿಂದ ನೂಕ್‌ಗೆ ಹೋಗಬೇಕಾದವರು ಏನು ಮಾಡಬೇಕು? ಮೊದಲು ದಕ್ಷಿಣಕ್ಕೆ ಅಟ್ಟಾವಾಗೆ ಹಾರಬೇಕು, ಅದು 2,100 ಕಿಲೋಮೀಟರ್, ಮೂರು ಗಂಟೆಯ ಹಾದಿ. ಅಲ್ಲಿಂದ ಮಾಂಟ್ರಿಯಲ್, 150 ಕಿಲೋಮೀಟರ್. ಬಳಿಕ ಅಟ್ಲಾಂಟಿಕ್ ದಾಟಿ ಐಸ್‌ಲ್ಯಾಂಡ್, 3,700 ಕಿಲೋಮೀಟರ್‌ಗೂ ಹೆಚ್ಚು. ಅಲ್ಲಿಂದ ಪಶ್ಚಿಮಕ್ಕೆ ಹಿಂತಿರುಗಿ ನೂಕ್‌ಗೆ ಮತ್ತೆ 1,400 ಚಿಲ್ಲರೆ. ಒಟ್ಟು 7,400 ಕಿಲೋಮೀಟರ್, ಅಂದರೆ ನೇರ ದಾರಿಯ ಒಂಬತ್ತು ಪಟ್ಟು. ಐಸ್‌ಲ್ಯಾಂಡ್ ಬದಲು ಕೋಪನ್‌ಹೇಗನ್ ಸುತ್ತಿ ಬಂದರೆ 11 ಸಾವಿರ ಕಿಲೋಮೀಟರ್ ಮೀರುತ್ತದೆ. ನಡುವೆ ಒಂದೆರಡು ರಾತ್ರಿ ಹೋಟೆಲ್ ವಾಸ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇನ್ನೊಂದು ತೊಡಕಿದೆ: ಗ್ರೀನ್‌ಲ್ಯಾಂಡ್ ಡೆನ್ಮಾರ್ಕ್ ರಾಜಪ್ರಭುತ್ವದ ಭಾಗವೇ ಆದರೂ ಷೆಂಗೆನ್ ವಲಯದಲ್ಲಿಲ್ಲ. ಕೆನಡಾದಲ್ಲಿ ನೆಲೆಸಿದ ಕನ್ನಡಿಗರು ಷೆಂಗೆನ್ ವೀಸಾ ಹಿಡಿದು ಹೊರಟರೆ ಸಾಲದು, ಗ್ರೀನ್‌ಲ್ಯಾಂಡ್‌ಗೂ ಅನ್ವಯಿಸುತ್ತದೆಂದು ನಮೂದಿಸಿದ ವೀಸಾ ಬೇಕು.

ಹೀಗೇಕೆ ಎನ್ನುವುದಕ್ಕೆ ಉತ್ತರ ಈ ವಿಮಾನ ನಿಲ್ದಾಣಗಳ ಹುಟ್ಟಿನಲ್ಲಿದೆ. ಇಕಾಲುಯಿಟ್‌ನ ರನ್‌ವೇ ಊರಿನವರಿಗಾಗಿ ಕಟ್ಟಿದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕದ ಸೇನೆ ಯುದ್ಧವಿಮಾನಗಳನ್ನು ಯುರೋಪಿಗೆ ಸಾಗಿಸುವ ದಾರಿಯಲ್ಲಿ ತಂಗುದಾಣವಾಗಲೆಂದು ಅಲ್ಲಿ ನೆಲೆ ಹಾಕಿತು. ಆಗ ಆ ಜಾಗದ ಹೆಸರು ಫ್ರೋಬಿಷರ್ ಬೇ. ಊರು ಬೆಳೆದದ್ದೇ ರನ್‌ವೇಯ ಪಕ್ಕದಲ್ಲಿ. ಗ್ರೀನ್‌ಲ್ಯಾಂಡ್ ಕಡೆಯೂ ಅಷ್ಟೇ. ಅಮೆರಿಕನ್ನರು 1941ರಲ್ಲಿ ಕಾಂಗೆರ್ಲುಸ್ಸುವಾಕ್ ಎಂಬಲ್ಲಿ, ಉದ್ದನೆಯ ಫ್ಯೋರ್ಡ್ ಒಂದರ ತುದಿಯಲ್ಲಿ, ವಾಯುನೆಲೆ ಕಟ್ಟಿದರು. ಸಮುದ್ರದಿಂದ ಬಹಳ ಒಳಗಿರುವ ಅಲ್ಲಿ ಮಂಜು ಕಡಿಮೆ, ಹವೆ ಸ್ಥಿರ. 1954ರ ನವೆಂಬರ್‌ನಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಕೋಪನ್‌ಹೇಗನ್‌ನಿಂದ ಲಾಸ್ ಏಂಜಲಿಸ್‌ಗೆ ಆರ್ಕ್‌ಟಿಕ್ ಮೇಲಿನ ಸೇವೆ ಆರಂಭಿಸಿದಾಗ ಇಂಧನ ತುಂಬಿಸಿಕೊಳ್ಳಲು ನಿಂತದ್ದು ಅಲ್ಲೇ. ಎರಡೂ ಕಡೆ ರನ್‌ವೇಗಳನ್ನು ಹಾಕಿದ್ದು ದಾರಿಹೋಕರಿಗಾಗಿ.

ಆ ಉದ್ದೇಶ ಇಂದಿಗೂ ಪೂರ್ತಿ ಮುಗಿದಿಲ್ಲ. ಎರಡು ಎಂಜಿನ್‌ಗಳ ವಿಮಾನಗಳು ಧ್ರುವದ ಕಡೆಯ ಮಾರ್ಗದಲ್ಲಿ ಹಾರಬೇಕಾದರೆ, ಒಂದು ಎಂಜಿನ್ ಕೈಕೊಟ್ಟರೂ ನಿಗದಿತ ಸಮಯದೊಳಗೆ ಇಳಿಯಲು ಒಂದು ರನ್‌ವೇ ಇರಲೇಬೇಕೆಂಬ ನಿಯಮವಿದೆ. 2017ರ ಫೆಬ್ರವರಿ 1ರಂದು ಜ್ಯೂರಿಕ್‌ನಿಂದ ಲಾಸ್ ಏಂಜಲಿಸ್‌ಗೆ ಹೊರಟಿದ್ದ ಬೋಯಿಂಗ್ 777 ವಿಮಾನದ ಒಂದು ಎಂಜಿನ್ ನಿಂತಾಗ ಪೈಲಟ್‌ಗಳು ಅದನ್ನು ಇಳಿಸಿದ್ದು ಇಕಾಲುಯಿಟ್‌ನಲ್ಲಿ. ಏರ್‌ಬಸ್ ಕಂಪನಿ ತನ್ನ ದೈತ್ಯ ಎ380 ವಿಮಾನ ಕೊರೆಯುವ ಚಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು 2006ರಲ್ಲಿ ಪರೀಕ್ಷಿಸಿದ್ದೂ ಅಲ್ಲೇ. ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ ಇಳಿಯಬಲ್ಲ ಎರಡೂವರೆ ಕಿಲೋಮೀಟರ್ ಮೀರಿದ ರನ್‌ವೇ ಊರಿನಲ್ಲಿದೆ. ಎದುರು ದಡಕ್ಕೆ ಹೋಗಲು ವರ್ಷದ ಬಹುಪಾಲು ವಿಮಾನವಿಲ್ಲ.

ನೂಕ್‌ನ ಸಮಸ್ಯೆ ಉಲ್ಟಾ. ರಾಜಧಾನಿಯಾಗಿದ್ದರೂ 2024ರವರೆಗೆ ಅದರ ರನ್‌ವೇ ಉದ್ದ 930 ಮೀಟರ್ ಮಾತ್ರ. ಸುತ್ತ ಬೆಟ್ಟ, ಸಮುದ್ರ. ಅಷ್ಟು ಚಿಕ್ಕ ಪಟ್ಟಿಯಲ್ಲಿ ದೊಡ್ಡ ಜೆಟ್ ಇಳಿಯುವ ಮಾತೇ ಇಲ್ಲ. ಡ್ಯಾಶ್-8ಕ್ಕೆ ಅಲ್ಲಿ ಅಷ್ಟು ಬೆಲೆ ಬಂದದ್ದು ಗಿಡ್ಡ ರನ್‌ವೇಯಲ್ಲೂ ಏರಿ ಇಳಿಯಬಲ್ಲದೆಂಬ ಕಾರಣಕ್ಕೆ. ಕೋಪನ್‌ಹೇಗನ್‌ನಿಂದ ಬಂದವರು ಕಾಂಗೆರ್ಲುಸ್ಸುವಾಕ್‌ನಲ್ಲಿ ಇಳಿದು, ಸಣ್ಣ ವಿಮಾನ ಹತ್ತಿ ಇನ್ನೂ 300 ಚಿಲ್ಲರೆ ಕಿಲೋಮೀಟರ್ ಹಾರಿ ನೂಕ್ ಸೇರುತ್ತಿದ್ದರು. ಗ್ರೀನ್‌ಲ್ಯಾಂಡ್‌ನಲ್ಲಿ ಊರಿಂದೂರಿಗೆ ರಸ್ತೆಗಳಿಲ್ಲ, ನುನಾವುಟ್‌ನಲ್ಲೂ ಇಲ್ಲ. ಆದ್ದರಿಂದ ಬೇರೆ ದಾರಿಯ ಆಯ್ಕೆಯೂ ಇರಲಿಲ್ಲ. 2024ರ ನವೆಂಬರ್ 28ರಂದು ನೂಕ್‌ನಲ್ಲಿ 2,200 ಮೀಟರ್ ರನ್‌ವೇ ಉದ್ಘಾಟನೆಯಾಯಿತು. ಕೋಪನ್‌ಹೇಗನ್ ವಿಮಾನ ನೇರವಾಗಿ ರಾಜಧಾನಿಯಲ್ಲೇ ಇಳಿಯತೊಡಗಿತು. 2025ರ ಜೂನ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ನ್ಯೂಯಾರ್ಕ್ ಪಕ್ಕದ ನೆವಾರ್ಕ್‌ನಿಂದ ನೇರ ಸೇವೆ ಆರಂಭಿಸಿತು. ಸುಮಾರು 3,000 ಕಿಲೋಮೀಟರ್, ನಾಲ್ಕು ಗಂಟೆ. ಅಮೆರಿಕದ ಮಹಾನಗರ ನೂಕ್‌ಗೆ ಹತ್ತಿರವಾಯಿತು, ಪಕ್ಕದ ಊರು ಇದ್ದಲ್ಲೇ ಉಳಿಯಿತು.

ಉತ್ತರದ ಹಾರಾಟದಲ್ಲಿ ಇನ್ನೊಂದು ಲೆಕ್ಕವೂ ಉಂಟು. ಯಾವುದೇ ವಿಮಾನ ಹೊರಡುವಾಗ ಗಮ್ಯದವರೆಗಿನ ಇಂಧನ ಮಾತ್ರವಲ್ಲ, ಅಲ್ಲಿ ಇಳಿಯಲಾಗದಿದ್ದರೆ ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದ ಇಂಧನವನ್ನೂ ಹೊತ್ತಿರಬೇಕು. ಪಟ್ಟಣಗಳು ಒತ್ತೊತ್ತಾಗಿರುವ ಕಡೆ ಬದಲಿ ನಿಲ್ದಾಣ ಹತ್ತಿರದಲ್ಲೇ ಸಿಗುತ್ತದೆ. ನೂಕ್‌ನಲ್ಲಿ ಮಂಜು ಕವಿದರೆ ಕಾಂಗೆರ್ಲುಸ್ಸುವಾಕ್‌ನಂಥ ಜಾಗಕ್ಕೆ ಮುನ್ನೂರು ಕಿಲೋಮೀಟರ್ ಓಡಬೇಕು. ಇಕಾಲುಯಿಟ್‌ನಲ್ಲಿ ಹಿಮಬಿರುಗಾಳಿ ಎದ್ದರೆ ದೊಡ್ಡ ರನ್‌ವೇ ಹುಡುಕಿಕೊಂಡು ಕ್ವಿಬೆಕ್‌ನ ಉತ್ತರದ ಕುಜ್ಜುವಾಕ್‌ವರೆಗೆ ಆರುನೂರಕ್ಕೂ ಹೆಚ್ಚು ಕಿಲೋಮೀಟರ್. ಹೀಗೆ ಹೆಚ್ಚುವರಿ ಇಂಧನ ತುಂಬಿದಷ್ಟೂ ಪುಟ್ಟ ವಿಮಾನದಲ್ಲಿ ಜನಕ್ಕೂ ಸರಕಿಗೂ ತೂಕದ ಅವಕಾಶ ಕಡಿಮೆಯಾಗುತ್ತದೆ. 37 ಸೀಟುಗಳಿದ್ದರೂ ಕೆಲವನ್ನು ಖಾಲಿ ಬಿಡಬೇಕಾಗಿ ಬರಬಹುದು. ಹವಾಮಾನ ಕೈಕೊಟ್ಟು ವಾರಕ್ಕೊಂದೇ ಇರುವ ವಿಮಾನ ರದ್ದಾಯಿತೆಂದರೆ ಪ್ರಯಾಣದ ಅವಧಿ ಎರಡು ಗಂಟೆಗೆ ಏಳು ದಿನ ಕೂಡಿಕೊಂಡಂತೆ.

ರೋಗಿಗಳ ಓಡಾಟ ನೋಡಿದರೆ ಈ ವ್ಯವಸ್ಥೆಯ ದಿಕ್ಕು ಇನ್ನೂ ಸ್ಪಷ್ಟವಾಗುತ್ತದೆ. ಬಾಫಿನ್ ದ್ವೀಪದಲ್ಲಿ ಯಾರಿಗಾದರೂ ಇಕಾಲುಯಿಟ್ ಆಸ್ಪತ್ರೆಯಲ್ಲಿ ಆಗದಂಥ ಚಿಕಿತ್ಸೆ ಬೇಕಾದರೆ ಅವರನ್ನು ಅಟ್ಟಾವಾಗೆ ಕಳಿಸುತ್ತಾರೆ. ನೂಕ್‌ನ ಆಸ್ಪತ್ರೆಯಲ್ಲಿ ಆಗದ್ದಕ್ಕೆ 3,500 ಕಿಲೋಮೀಟರ್ ಆಚೆಯ ಕೋಪನ್‌ಹೇಗನ್. ಬೇಸಿಗೆಯಲ್ಲಿ ಮಂಜುಗಡ್ಡೆ ಕರಗಿದ ಮೇಲೆ ಇಕಾಲುಯಿಟ್‌ಗೆ ವರ್ಷದ ಸಾಮಾನು ಹೊತ್ತ ಹಡಗುಗಳು ಬರುವುದು ಮಾಂಟ್ರಿಯಲ್ ಸುತ್ತಮುತ್ತಲಿಂದ. ನೂಕ್‌ಗೆ ಸರಕು ಬರುವುದು ಡೆನ್ಮಾರ್ಕ್‌ನ ಆಲ್‌ಬೋರ್ ಬಂದರಿನಿಂದ. ವಿಮೆ, ಸಹಾಯಧನ, ಸರ್ಕಾರಿ ಟಿಕೆಟ್, ಸರಕಿನ ಗುತ್ತಿಗೆ ಎಲ್ಲವೂ ಆಯಾ ದೇಶದೊಳಗೇ ಹರಿಯುತ್ತವೆ. ವಿಮಾನ ಕಂಪನಿಗೆ ಸೀಟು ತುಂಬುವ ಖಾತ್ರಿ ಇರುವುದು ಈ ಮಾರ್ಗಗಳಲ್ಲಿ. ಅಡ್ಡಲಾಗಿ, ಜಲಸಂಧಿ ದಾಟಿ ಹಾರಲು ದುಡ್ಡು ಕೊಡುವವರು ಯಾರೂ ಇಲ್ಲ.

ಜನ ಮಾತ್ರ ಅಡ್ಡಲಾಗಿಯೇ ಬಂದವರು. ಎರಡೂ ದಡಗಳ ಇನುಯಿಟ್ ಜನರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ಅಲಾಸ್ಕಾ ಕಡೆಯಿಂದ ಹೊರಟು ಕೆನಡಾದ ಆರ್ಕ್‌ಟಿಕ್ ದ್ವೀಪಗಳ ಮೂಲಕ ಗ್ರೀನ್‌ಲ್ಯಾಂಡ್ ತಲುಪಿದರು. ಹತ್ತೊಂಬತ್ತನೇ ಶತಮಾನದ ನಡುವೆಯೂ ಕ್ವಿತ್ಲಾರ್ಸುವಾಕ್ ಎಂಬ ಮಾಂತ್ರಿಕ ನಾಯಕ ಬಾಫಿನ್ ದ್ವೀಪದಿಂದ ತನ್ನ ಗುಂಪನ್ನು ಕಟ್ಟಿಕೊಂಡು, ನಾಯಿಬಂಡಿಗಳಲ್ಲಿ ಹಿಮದ ಮೇಲೆ ವರ್ಷಗಟ್ಟಲೆ ಪ್ರಯಾಣಿಸಿ ವಾಯವ್ಯ ಗ್ರೀನ್‌ಲ್ಯಾಂಡ್ ಸೇರಿದ್ದ. ಅವರ ಭಾಷೆಗಳು ಒಂದೇ ಬಳಗದವು. ಅಲಾಸ್ಕಾ, ಕೆನಡಾ, ಗ್ರೀನ್‌ಲ್ಯಾಂಡ್‌ಗಳ ಇನುಯಿಟರು 1977ರಲ್ಲಿ ಸೇರಿ ತಮ್ಮದೇ ಅಂತರರಾಷ್ಟ್ರೀಯ ಸಂಘಟನೆ ಕಟ್ಟಿಕೊಂಡರು. 2022ರ ಜೂನ್‌ನಲ್ಲಿ ಕೆನಡಾ ಮತ್ತು ಡೆನ್ಮಾರ್ಕ್, ಹ್ಯಾನ್ಸ್ ಎಂಬ ಬರಡು ನಡುಗಡ್ಡೆಯನ್ನು ಹಂಚಿಕೊಳ್ಳಲು ಒಪ್ಪಿ ದಶಕಗಳ ವ್ಯಾಜ್ಯ ಮುಗಿಸಿದವು. ಹೀಗೆ ಕಾಗದದ ಮೇಲೆ ಎರಡು ದೇಶಗಳ ನಡುವೆ ಭೂಗಡಿಯೂ ಬಂತು. ಯಾರೂ ವಾಸಿಸದ ಆ ಬಂಡೆಯ ಗಡಿ ತೀರ್ಮಾನವಾದ ಮೇಲೂ ಎರಡು ರಾಜಧಾನಿಗಳ ನಡುವೆ ವಿಮಾನ ಮತ್ತೆ ಬರಲು ಎರಡು ವರ್ಷ ಬೇಕಾಯಿತು.

ನಿಷ್ಠುರವಾಗಿ ಲೆಕ್ಕ ಹಾಕಿದರೆ ಕಂಪನಿಗಳನ್ನು ದೂರಲೂ ಆಗುವುದಿಲ್ಲ. ಎರಡೂ ಊರುಗಳ ಜನ ಸೇರಿದರೆ ಮೂವತ್ತು ಸಾವಿರವೂ ಆಗುವುದಿಲ್ಲ, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. ಅಷ್ಟು ಜನರಲ್ಲಿ ವಾರ ವಾರವೂ 37 ಸೀಟು ತುಂಬುವುದು ಸುಲಭವಲ್ಲ. ಸೀಟು ತುಂಬದಿದ್ದರೆ ದರ ಏರುತ್ತದೆ, ದರ ಏರಿದರೆ ಜನ ಬರುವುದಿಲ್ಲ, ಜನ ಬರದಿದ್ದರೆ ವಿಮಾನ ನಿಲ್ಲುತ್ತದೆ. 2012ರ ಸೇವೆ ಬಾಳದೆ ಹೋದದ್ದು ಇಂಥ ಮಾರ್ಗಗಳಿಗೆಲ್ಲ ಇರುವ ಕಷ್ಟ. ಆದರೆ ಅಟ್ಟಾವಾ–ಇಕಾಲುಯಿಟ್ ಮಾರ್ಗವನ್ನೂ ಬರೀ ಮಾರುಕಟ್ಟೆ ನಡೆಸುತ್ತಿಲ್ಲ. ಅಲ್ಲಿ ಸೀಟು ತುಂಬುವವರಲ್ಲಿ ಸರ್ಕಾರಿ ನೌಕರರು, ಸರ್ಕಾರ ಕಳಿಸುವ ರೋಗಿಗಳು ಬಹಳ. ಅಂಥದೇ ಆಸರೆ ಅಡ್ಡ ಮಾರ್ಗಕ್ಕೂ ಸಿಕ್ಕರೆ ಲೆಕ್ಕ ಬದಲಾಗುತ್ತದೆ. ನೂಕ್‌ನಲ್ಲಿ ಓದಲು ಬರುವ ನುನಾವುಟ್ ವಿದ್ಯಾರ್ಥಿಗಳು, ಎರಡೂ ಕಡೆಯ ಆಸ್ಪತ್ರೆಗಳ ನಡುವಿನ ಒಪ್ಪಂದ, ಮೀನುಗಾರಿಕೆಯ ಸರಕು ಇಂಥ ಯಾವುದೇ ಕಾಯಂ ಓಡಾಟ ಶುರುವಾದರೆ ವಾರದ ವಿಮಾನ ಎರಡಾಗಲು ತಡವಿಲ್ಲ.

ಹಾಗಾಗಿ ಉತ್ತರದ ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟು ದೂರ ಎಷ್ಟು, ಸಮಯ ಎಷ್ಟು ಎಂದು ಕೇಳುವವರು ಮೂರನೆಯ ಪ್ರಶ್ನೆಯೊಂದನ್ನು ಮೊದಲು ಕೇಳಬೇಕು: ಮುಂದಿನ ವಿಮಾನ ಯಾವಾಗ? ಅದರ ಉತ್ತರ ಮಹಾವೃತ್ತದ ಗಣಿತದಲ್ಲಿ ಸಿಗುವುದಿಲ್ಲ, ಸರ್ಕಾರಗಳ ಬಜೆಟ್ಟಿನಲ್ಲಿ ಸಿಗುತ್ತದೆ. 820 ಕಿಲೋಮೀಟರನ್ನು ಕಡಿಮೆ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಎರಡು ದಿನವನ್ನು ಎರಡು ಗಂಟೆಯಾಗಿಸುವುದು ಮಾತ್ರ ಅಟ್ಟಾವಾ ಮತ್ತು ನೂಕ್ ಮನಸ್ಸು ಮಾಡಿದರೆ ಮುಂದಿನ ಬೇಸಿಗೆಯ ವೇಳಾಪಟ್ಟಿಯಲ್ಲೇ ಆಗುವ ಕೆಲಸ.